ಆ ಅರ್ಜಿಗೆ ಸಹಿ ಹಾಕಬೇಡಿ

ನಮಸ್ಕಾರ ಅಮ್ಮಾ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಹೆಸರು, ಊರು ಹಾಕಬೇಡಿ ಅಂದಿದ್ದೀರಿ. ನೀವು ಹೇಳದಿದ್ದರೂ ಹಾಕುತ್ತಿರಲಿಲ್ಲ. ಕೇಸಿನಲ್ಲಿರುವ ಮಕ್ಕಳ ಗುರುತು ಗೊತ್ತಾಗುವಂಥದ್ದನ್ನು ಅಚ್ಚು ಹಾಕುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಹೇಳುತ್ತೇನೆ. ನಿಮ್ಮ ಮನೆಯಿಂದ ಮೂರನೇ ಮನೆಯ ಹುಡುಗ, ವಯಸ್ಸು ಹದಿನಾರು. ಅಪ್ಪ ಇಲ್ಲ. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾರೆ. ತಂಗಿ ಏಳನೇ ಕ್ಲಾಸು. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಬ್ಜೆಕ್ಟ್ ಫೇಲಾಗಿ ಮನೆಯಲ್ಲಿ ಉಳಿದ. ವರ್ಷದೊಳಗೆ ದೊಡ್ಡ ಹುಡುಗರ ಜೊತೆ ಮೊಬೈಲ್ ಕಳ್ಳತನದಲ್ಲಿ ಸಿಕ್ಕಿಬಿದ್ದ. ಈಗ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಬೀದಿಯವರು ಸೇರಿ ಆ ಮನೆಯವರನ್ನು ಖಾಲಿ ಮಾಡಿಸಿ ಎಂದು ಮಾಲೀಕರಿಗೆ ಅರ್ಜಿ ಬರೆದಿದ್ದಾರೆ. ಸಹಿಗೆ ನಿಮ್ಮ ಮನೆಗೂ ಬಂದಿದೆ. 'ಹಾಕದಿದ್ದರೆ, ನಾಳೆ ಅವನು ಇನ್ನೇನಾದರೂ ಮಾಡಿದರೆ ನನ್ನ ತಪ್ಪಾಗುತ್ತಾ?' ಅಂತ ಕೇಳಿದ್ದೀರಿ.

ಆಗುವುದಿಲ್ಲ ಅಮ್ಮಾ. ದಯವಿಟ್ಟು ಸಹಿ ಹಾಕಬೇಡಿ.

ಬೀದಿಯವರ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಮೊಬೈಲ್ ಕಳೆದುಕೊಂಡವರು ದಿನಗೂಲಿಯವರು ಅಂತ ನೀವೇ ಬರೆದಿದ್ದೀರಿ. ಅವರಿಗೆ ಅದು ಒಂದು ತಿಂಗಳ ದುಡಿಮೆ. ಹುಡುಗ ಅವರ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವ ದಿನ ಬರಲೇಬೇಕು. ಆದರೆ ಮನೆ ಖಾಲಿ ಮಾಡಿಸಿದರೆ ಆಗುವುದೇನು? ಇಡೀ ಊರಿನಲ್ಲಿ ಅವನನ್ನು ಚಿಕ್ಕಂದಿನಿಂದ ನೋಡಿರುವುದು ನಿಮ್ಮ ಬೀದಿ ಮಾತ್ರ. ಅದೂ ಕೈಬಿಟ್ಟರೆ ಉಳಿಯುವುದು ಬೈಕು ಕೊಟ್ಟು, ಪೆಟ್ರೋಲ್ ಹಾಕಿಸಿ, ಬಿರಿಯಾನಿ ತಿನ್ನಿಸಿದ ಆ ದೊಡ್ಡ ಹುಡುಗರು. ಅವರು ಯಾವ ಅರ್ಜಿಯನ್ನೂ ಕೇಳುವುದಿಲ್ಲ, ಬಾ ಅನ್ನುತ್ತಾರೆ ಅಷ್ಟೆ.

ನಿಮ್ಮ ಪತ್ರದ ಒಂದು ಸಾಲು ನನ್ನನ್ನು ತುಂಬಾ ಕಾಡಿತು. 'ಫೇಲಾದ ಮೇಲೆ ಅವನು ಎಲ್ಲಿ ಹೋಗುತ್ತಾನೆ, ಏನು ಮಾಡುತ್ತಾನೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ' ಎಂದಿದ್ದೀರಿ. ವಿಷಯ ಇರುವುದೇ ಅಲ್ಲಿ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬೆನ್ನು ಹತ್ತುತ್ತದೆ. ಹದಿನೆಂಟಾದರೆ ಕೆಲಸ, ಲೈಸೆನ್ಸು, ವೋಟು. ನಡುವಿನ ಈ ಮೂರ್ನಾಲ್ಕು ವರ್ಷದಲ್ಲಿ ಶಾಲೆ ಬಿಟ್ಟ ಹುಡುಗ ಯಾರ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಮಕ್ಕಳೇ ಆರೋಪಿಗಳಾಗಿದ್ದ ಪ್ರಕರಣಗಳು 30,555. ಅವುಗಳಲ್ಲಿ ಸಿಕ್ಕಿದ ಮಕ್ಕಳ ಪೈಕಿ ಮುಕ್ಕಾಲು ಪಾಲಿಗಿಂತ ಜಾಸ್ತಿ 16ರಿಂದ 18ರೊಳಗಿನವರು. ವರ್ಷವರ್ಷದ ಅಂಕಿಅಂಶ ನೋಡಿದರೂ ಬಹುಪಾಲು ಮಕ್ಕಳು ಬೀದಿಪಾಲಾದ ಅನಾಥರಲ್ಲ, ಅಪ್ಪ ಅಮ್ಮನ ಜೊತೆ ಮನೆಯಲ್ಲೇ ಇದ್ದವರು. ರಾತ್ರಿ ಮನೆಗೆ ಬಂದು ಮಲಗುವ ಹುಡುಗರು. ಹಗಲು ಎಲ್ಲಿರುತ್ತಾರೆ ಅನ್ನುವುದಷ್ಟೇ ಯಾರಿಗೂ ಗೊತ್ತಿಲ್ಲ.

ನಾನು ಬೆಳೆದದ್ದು ದಾವಣಗೆರೆಯಲ್ಲಿ. ನಮ್ಮ ಓಣಿಯಲ್ಲಿ ಒಂದು ಗರಡಿಮನೆ ಇತ್ತು. ಬೆಳಗಿನ ಜಾವ ಕುಸ್ತಿಯ ಮಣ್ಣು ಹದ ಮಾಡುವುದರಿಂದ ಹಿಡಿದು ಸಾಯಂಕಾಲದ ಸಾಮಿನವರೆಗೆ ಹುಡುಗರಿಗೆ ಅಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಎರಡು ದಿನ ಯಾರಾದರೂ ಬರದಿದ್ದರೆ ಉಸ್ತಾದರು ಇನ್ನೊಬ್ಬ ಹುಡುಗನನ್ನು ಮನೆಗೆ ಓಡಿಸುತ್ತಿದ್ದರು. 'ಜ್ವರಾನಾ? ಜಗಳಾನಾ? ಕೇಳಿಕೊಂಡು ಬಾ.' ಬೀಡಿ ವಾಸನೆ ಬಂದರೆ ಎಲ್ಲರೆದುರು ನೂರು ಬಸ್ಕಿ. ಆದರೆ ನಾಳೆ ಬರಬೇಡ ಅಂತ ಒಬ್ಬನಿಗೂ ಹೇಳಿದ್ದು ನನಗೆ ನೆನಪಿಲ್ಲ. ಆ ಕಾಲವನ್ನು ಸುಮ್ನೆ ಹೊಗಳುವುದು ನನಗೆ ಬೇಕಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಪಕ್ಕದ ಕೇರಿಯ ಹುಡುಗರು ಹೊಸ್ತಿಲ ಆಚೆಯೇ ನಿಲ್ಲುತ್ತಿದ್ದರು. ಆದರೂ ಬಂದವನ ಲೆಕ್ಕ ಇಡುವ ಒಬ್ಬ ದೊಡ್ಡ ಮನುಷ್ಯ ಇದ್ದರಲ್ಲ, ಆ ಜಾಗ ಈಗ ಖಾಲಿ ಬಿದ್ದಿದೆ.

ನಿಮ್ಮ ಯಜಮಾನರು 'ನಾಲ್ಕು ದಿನ ಒಳಗೆ ಹಾಕಿದ್ದರೆ ಬುದ್ಧಿ ಬರುತ್ತಿತ್ತು' ಅಂದರಂತೆ. ಬಹಳ ಜನ ಹೀಗೇ ಯೋಚಿಸುತ್ತಾರೆ. ಕಾನೂನು ಬೇರೆ ದಾರಿ ಹಿಡಿದಿದೆ, ಅದಕ್ಕೆ ಕಾರಣವೂ ಇದೆ. ಹದಿನೆಂಟರೊಳಗಿನವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದಾದರೆ ಕಾರಣ ಬರೆಯಬೇಕು. ಹದಿನಾರರ ಹುಡುಗ ಪಳಗಿದವರ ಜೊತೆ ನಾಲ್ಕು ದಿನ ಕಳೆದರೆ ಅವನಿಗೆ ಬುದ್ಧಿ ಬರುವುದಿಲ್ಲ, ಪರಿಚಯಗಳು ಬರುತ್ತವೆ.

ಇನ್ನೊಂದು ಮುಖ್ಯ ಸಂಗತಿ ನಿಮ್ಮ ಬೀದಿಯವರಿಗೆ ಓದಿ ಹೇಳಿ. ಇಂಥ ಕೇಸಿನಲ್ಲಿ ಪ್ರೊಬೇಷನ್ ಆಫೀಸರ್ ಹುಡುಗನ ಮನೆ, ಶಾಲೆ, ಅಕ್ಕಪಕ್ಕದ ಪರಿಸ್ಥಿತಿ ವಿಚಾರಿಸಿ ಮಂಡಳಿಗೆ ವರದಿ ಕೊಡುತ್ತಾರೆ. ಅವರು ಬಂದಾಗ ಅವರ ಕೈಗೆ ಇಪ್ಪತ್ತು ಸಹಿಯ ಅರ್ಜಿ ಸಿಗುತ್ತದೋ, 'ನಾವಿದ್ದೀವಿ, ನೋಡಿಕೊಳ್ತೀವಿ' ಅನ್ನುವ ಎರಡು ಮನೆ ಸಿಗುತ್ತವೋ ಅನ್ನುವುದು ಅವನ ಮುಂದಿನ ದಿನಗಳಿಗೆ ಬಹಳ ದೊಡ್ಡದು. ತಪ್ಪು ಸಾಬೀತಾದರೂ ಬುದ್ಧಿ ಹೇಳಿ ಕಳಿಸುವುದು, ಸಮುದಾಯ ಸೇವೆ ಮಾಡಿಸುವುದು, ಹೆತ್ತವರ ಅಥವಾ ಮಂಡಳಿಗೆ ಯೋಗ್ಯರೆಂದು ಕಂಡವರ ಉಸ್ತುವಾರಿಯಲ್ಲಿ ಬಿಡುವುದು, ಇವೆಲ್ಲ ಮಂಡಳಿಯ ಕೈಯಲ್ಲಿವೆ. ಈ ಕಾನೂನಿನಲ್ಲಿ ನೆರೆಮನೆಯವರಿಗೂ ಒಂದು ಜಾಗ ಇದೆ ಅಮ್ಮಾ.

ಮತ್ತೆ ಬೀದಿಯ ಸಿಟ್ಟು ಹೋಗಬೇಕಾದ ಕಡೆ ಬೇರೆ ಇದೆ. ಕದ್ದ ಫೋನುಗಳನ್ನು ಕೊಳ್ಳುತ್ತಿದ್ದ ಒಬ್ಬ ಮನುಷ್ಯನ ಬಗ್ಗೆ ಬರೆದಿದ್ದೀರಿ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ದೊಡ್ಡವರಿಗೆ ಇದೇ ಕಾಯ್ದೆಯ 83ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಐದು ಲಕ್ಷ ರೂಪಾಯಿ ದಂಡ ಇದೆ. ಇಪ್ಪತ್ತು ಜನ ಸಹಿ ಹಾಕುವುದಾದರೆ ಆ ಮನುಷ್ಯನ ಮೇಲೆ ದೂರು ಬರೆದು ಹಾಕಲಿ.

ಈಗ ನೀವು ಏನು ಮಾಡಬಹುದು? ಮೊದಲು ಆ ತಾಯಿಯ ಹತ್ತಿರ ಹೋಗಿ. ಉಪದೇಶ ಬೇಡ. ಒಂದು ಡಬ್ಬಿ ಸಾರು ತೆಗೆದುಕೊಂಡು ಹೋಗಿ ಹತ್ತು ನಿಮಿಷ ಕುಳಿತು ಬನ್ನಿ. ಕೇಸಾದ ದಿನದಿಂದ ಅವರ ಮನೆ ಬಾಗಿಲು ಯಾರೂ ತಟ್ಟಿರಲಿಕ್ಕಿಲ್ಲ. ವಕೀಲರಿಗೆ ಸಾಲ ಮಾಡಬೇಡಿ ಅಂತ ಹೇಳಿ. ಮಕ್ಕಳಿಗೂ ಹೆಂಗಸರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಅಪ್ಪ ಇಲ್ಲದ, ಆದಾಯ ಕಡಿಮೆ ಇರುವ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವು ಉಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು. ತಂಗಿಯ ಹೆಸರಲ್ಲಾದರೂ ಕೇಳಲಿ. ಆ ಮಗುವಿನ ಕಡೆ ಯಾರ ಗಮನವೂ ಇಲ್ಲ ಅಂತ ನನಗೆ ಪತ್ರ ಓದುವಾಗ ಅನ್ನಿಸಿತು.

ಆಮೇಲೆ ಹುಡುಗ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ. ಎರಡು ಸಬ್ಜೆಕ್ಟ್ ದೊಡ್ಡ ಮಾತಲ್ಲ, ಬೀದಿಯಲ್ಲಿ ಗಣಿತ ಗೊತ್ತಿರುವ ಒಬ್ಬರಾದರೂ ಇದ್ದೇ ಇರುತ್ತಾರೆ. ಓದು ಬೇಡವೇ ಬೇಡ ಅಂದರೆ ಐಟಿಐಯಲ್ಲಿ ವೆಲ್ಡರ್, ವೈರ್‌ಮನ್, ಪ್ಲಂಬರ್ ಟ್ರೇಡುಗಳಿಗೆ ಎಂಟನೇ ಕ್ಲಾಸ್ ಪಾಸಾಗಿದ್ದರೂ ಸಾಕು. ಈ ಕೇಸಿನಿಂದ ಅವನಿಗೆ ಸರ್ಕಾರಿ ಕೆಲಸವೇ ಸಿಗುವುದಿಲ್ಲ ಅಂತ ಯಾರೋ ಹೆದರಿಸಿದ್ದಾರಂತಲ್ಲ, ಅದು ತಪ್ಪು. ಇಂಥ ಕೇಸಿನ ಕಾರಣಕ್ಕೆ ಮುಂದೆ ಅವನನ್ನು ಅನರ್ಹ ಮಾಡುವಂತಿಲ್ಲ ಎಂದು ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಅದನ್ನು ಅವನಿಗೇ ಹೇಳಿ. ಎಲ್ಲ ಮುಗಿದುಹೋಯಿತು ಅಂದುಕೊಂಡಿರುವ ಹುಡುಗನಿಗೆ ನಾಳೆ ಕದಿಯದೆ ಇರಲು ಕಾರಣವೇ ಇರುವುದಿಲ್ಲ, ಅಲ್ವಾ?

ಇದೆಲ್ಲ ನೀವೊಬ್ಬರೇ ಹೊರಬೇಕಿಲ್ಲ. ಪತ್ರದಲ್ಲಿ ಒಬ್ಬ ನಿವೃತ್ತ ಲೈನ್‌ಮನ್ ಬಗ್ಗೆ ಬರೆದಿದ್ದೀರಿ, ಅವರೂ ಇನ್ನೂ ಸಹಿ ಹಾಕಿಲ್ಲ ಅಂತ. ಅವರನ್ನು ಜೊತೆ ಮಾಡಿಕೊಳ್ಳಿ. ವೈರಿಂಗ್ ಕೆಲಸ ಗೊತ್ತಿರುವ ಅವರು ದಿನಾ ಸಾಯಂಕಾಲ ಅವನನ್ನು ಅರ್ಧ ಗಂಟೆ ಜಗಲಿಯಲ್ಲಿ ಕೂರಿಸಿಕೊಂಡು ಮಾತಾಡಿದರೂ ಸಾಕು. ಒಂದು ದಿನ ಬರದಿದ್ದರೆ ಮನೆಗೆ ಹೋಗಿ ಕೇಳಲಿ.

ಹುಡುಗ ಯಾವ ಟ್ರೇಡ್ ಆರಿಸಿಕೊಂಡ ಅಂತ ನನಗೆ ಬರೆದು ತಿಳಿಸಿ. ಫೀಸು, ಪುಸ್ತಕ ಏನಾದರೂ ಬೇಕಾದರೆ ಅದನ್ನೂ ಬರೆಯಿರಿ.

ನಿಮ್ಮ,
ಸಂಪಾದಕ