ಹೆಣ ಮಾತಾಡಬಹುದು, ಕಾಗದ ಬರಬಾರದು

ಮಾನ್ಯರೇ,

ಕಳೆದ ಸಂಚಿಕೆಯ ಚೀನೀ ಸಾಮ್ರಾಟನ ಕಥೆ ಓದಿ ತಾವು ಬರೆದ ಖಾರವಾದ ಪತ್ರ ತಲುಪಿತು. ಸತ್ತ ದೊರೆ ಗಾಡಿಯೊಳಗಿಂದ ಮಾತಾಡುವುದುಂಟೇ, ಮಾಯಾಮಂತ್ರ ಬೇಕಿದ್ದರೆ ಕಾಲ್ಪನಿಕ ರಾಜ್ಯ ಕಟ್ಟಿಕೊಳ್ಳಲಿ, ಇತಿಹಾಸದ ಹೆಸರುಗಳೇಕೆ ಎಂಬುದು ತಮ್ಮ ಆಕ್ಷೇಪ.

ಬೇತಾಳನ ಕಥೆ ಕೇಳಿ ಬೆಳೆದ ನಮಗೆ ಹೆಣದ ಮಾತು ಹೊಸದೇ ಎಂದು ನುಣುಚಿಕೊಳ್ಳಬಹುದಿತ್ತು. ಆದರೆ ಇಲ್ಲಿ ಇತಿಹಾಸವೇ ಅರ್ಧ ಕಥೆ ಹೇಳಿಬಿಟ್ಟಿದೆ. ಚೀನಾವನ್ನು ಒಗ್ಗೂಡಿಸಿದ ಛಿನ್ ಷಿ ಹುವಾಂಗ್ ಕ್ರಿ.ಪೂ. 210ರಲ್ಲಿ, ರಾಜಧಾನಿಯಿಂದ ದೂರ, ಪ್ರವಾಸದಲ್ಲಿದ್ದಾಗ ತೀರಿಕೊಂಡ. ಸುದ್ದಿ ಹಬ್ಬಿದರೆ ದಂಗೆಯಾದೀತೆಂದು ಮಂತ್ರಿ ಲಿ ಸಿ ಸಾವನ್ನೇ ಮುಚ್ಚಿಟ್ಟ. ಗಾಡಿಗೆ ಹೊತ್ತುಹೊತ್ತಿಗೆ ಊಟ ಹೋಗುತ್ತಿತ್ತು. ಅಧಿಕಾರಿಗಳು ಎಂದಿನಂತೆ ವರದಿ ಒಪ್ಪಿಸುತ್ತಿದ್ದರು. ಒಳಗೆ ಕೂತ ಖೋಜಾ ಒಬ್ಬ ಅಪ್ಪಣೆ ಕೊಡುತ್ತಿದ್ದ. ಸೆಕೆಗೆ ಹೆಣ ನಾರತೊಡಗಿದಾಗ ಆ ವಾಸನೆ ಮರೆಸಲು ಗಾಡಿಗಳಿಗೆ ಉಪ್ಪುಮೀನು ಹೇರಿಸಿದರು! ಇದು ನಮ್ಮ ಕಥೆಗಾರರ ಸೃಷ್ಟಿಯಲ್ಲ. ಸುಮಾರು ನೂರು ವರ್ಷಗಳ ತರುವಾಯ ಚೀನೀ ಇತಿಹಾಸಕಾರ ಸಿಮಾ ಚಿಯಾನ್ ಬರೆದಿಟ್ಟದ್ದು. ಅಮರರ ದ್ವೀಪ ಹುಡುಕಲು ಸಾವಿರಾರು ಹುಡುಗ ಹುಡುಗಿಯರನ್ನು ಕಡಲಿಗೆ ಕಳಿಸಿದ, ದಾರಿಗೆ ಅಡ್ಡಬರುವುದೆಂದು ದೊಡ್ಡ ಮೀನಿಗೆ ತಾನೇ ಬಾಣ ಬಿಟ್ಟ ದೊರೆ ಅವನು. ಅಂಥವನ ಕಥೆಯಿಂದ ಮಾಯೆಯನ್ನು ಕಿತ್ತರೆ ಅವನಲ್ಲಿ ಉಳಿಯುವುದೇನು?

ಇನ್ನು ಹೆಸರಿನ ಮಾತು. ಸಾಯುವ ಮುನ್ನ ಅವನು ಹಿರಿಯ ಮಗ ಫೂಸುವಿಗೆ, ಅಂತ್ಯಸಂಸ್ಕಾರಕ್ಕೆ ಬಾ ಎಂದು ಪತ್ರ ಬರೆಸಿದ್ದ. ಅದು ಹೊರಡಲೇ ಇಲ್ಲ. ಲಿ ಸಿ ಮತ್ತು ಆಸ್ಥಾನದ ಖೋಜಾ ಅಧಿಕಾರಿ ಝಾವೋ ಗಾವೋ ಸೇರಿ ಸುಳ್ಳು ಆಜ್ಞೆ ಹೊರಡಿಸಿದರು. ಅದು ಅಪ್ಪನದೇ ಎಂದುಕೊಂಡು ಫೂಸು ಪ್ರಾಣ ಬಿಟ್ಟ, ಕಿರಿಯ ಹೂಹಾಯ್ ಪಟ್ಟವೇರಿದ, ನಾಲ್ಕು ವರ್ಷ ತುಂಬುವುದರೊಳಗೆ ಆ ಮನೆತನದ ಆಳ್ವಿಕೆಯೇ ಮುಗಿಯಿತು. ಇದೆಲ್ಲ ಗೊತ್ತಿದ್ದೂ, ಕಥೆಯಲ್ಲಿ ಹೆಣ 'ಫೂಸುವನ್ನು ಕರೆಸಿ' ಎಂದು ಕೂಗಿದಾಗ ಯಾರಾದರೂ ಕೇಳಿಸಿಕೊಂಡಾರೆಯೇ ಎಂದು ನಾನು ಪುಟ ತಿರುವಿದೆ. ಇಲ್ಲದ ರಾಜ್ಯದ ಇಲ್ಲದ ರಾಜಕುಮಾರನಿಗಾಗಿ ಅಷ್ಟು ತಳಮಳವಾಗುತ್ತಿರಲಿಲ್ಲ.

ನಾನು ಪಟ್ಟು ಹಿಡಿಯುವುದು ಬೇರೆ ಕಡೆ: ಮಾಯೆ ಬರಲಿ, ಆ ಕಾಲದಲ್ಲಿ ಇಲ್ಲದ ವಸ್ತು, ಪದ್ಧತಿ ಬರಬಾರದು. ಲಿ ಸಿ ಆಗ ಬರೆಯಲು ಬಳಸುತ್ತಿದ್ದ ಬಿದಿರಿನ ಪಟ್ಟಿ ಬಿಟ್ಟು, ಇನ್ನೂ ಬಳಕೆಗೆ ಬಾರದ ಕಾಗದ ಬಿಚ್ಚಿದ್ದರೆ, ಅಥವಾ ಸರ್ಕಾರಿ ಪರೀಕ್ಷೆ ಪಾಸಾದ ತರುಣ ಅಧಿಕಾರಿಯೊಬ್ಬ ಬಂದು ನಿಂತಿದ್ದರೆ ಹಸ್ತಪ್ರತಿ ಅಂದೇ ವಾಪಸ್ ಹೋಗುತ್ತಿತ್ತು. ಆ ಪರೀಕ್ಷೆಗಳು ಶುರುವಾದದ್ದೇ ಸುಮಾರು 800 ವರ್ಷಗಳ ಮೇಲೆ.

ಕೊನೆಯ ಪುಟದ ಡ್ರ್ಯಾಗನ್ ವಿಷಯದಲ್ಲಿ ಮಾತ್ರ ನಾನು ತಮ್ಮ ಕಡೆ. ಕಥೆಗೆ ಅದು ಬೇಕಿರಲಿಲ್ಲ. ಕಥೆಗಾರರಿಗೂ ಹೇಳಿ ನೋಡಿದೆ, ಅವರು ಕೇಳಲಿಲ್ಲ.

– ಸಂ.