ಪುಟ್ಟಿಗೆ ನೀರು ಮುಟ್ಟಿಸಬೇಡಿ

ಮಳೆಗಾಲ ಮುಗಿಯುತ್ತಿದ್ದಂತೆ ಕಾರಿನ ಬಣ್ಣದ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರತೊಡಗುತ್ತದೆ. ಎಷ್ಟು ಸಲ ಉತ್ತರಿಸಿದರೂ ಗ್ಯಾರೇಜುಗಳಲ್ಲಿ ಅದೇ ತಪ್ಪು (ನೆಗ್ಗು ಸಮ ಮಾಡಲು ತುಂಬುವ ಪುಟ್ಟಿಯನ್ನು ನೀರು ಹಾಕಿ ಉಜ್ಜುವುದು) ನಡೆಯುತ್ತಿದೆ, ಮನೆಯಲ್ಲಿ ಕಲಿಯಲು ಹೊರಟವರೂ ಅದನ್ನೇ ನೋಡಿ ಕಲಿಯುತ್ತಿದ್ದಾರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಬಣ್ಣ ತಾಗಬಾರದ ಕಡೆ ಟೇಪ್ ಅಂಟಿಸುವುದು, ಪೇಪರ್ ಮುಚ್ಚುವುದು ಇಂಥವನ್ನು ನೀವೇ ಮಾಡಿಕೊಳ್ಳಬಲ್ಲಿರಿ.

ಬಾಗಿಲಿನ ನೆಗ್ಗು ತೆಗೆಸಿ ಬಣ್ಣ ಹೊಡೆಸಿ ಎಂಟು ತಿಂಗಳಾಯಿತು. ಮಳೆ ಮುಗಿದ ಮೇಲೆ ನೆಗ್ಗಿದ್ದ ಜಾಗದಲ್ಲೇ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದಿವೆ. ಕಳಪೆ ಬಣ್ಣ ಹಾಕಿದ್ದಾರೆಯೇ? ಮುಂದಿನ ಸಲ ನಾನೇ ಮಾಡಬೇಕೆಂದಿದ್ದೇನೆ. ಎಲ್ಲಿ ಎಚ್ಚರ ವಹಿಸಬೇಕು? (ಪುತ್ತೂರು)

ಬಣ್ಣದ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ? ಗುಳ್ಳೆಗಳು ಎಲ್ಲಿ ಎದ್ದಿವೆ ನೋಡಿ. ಬಾಗಿಲಿನ ಉಳಿದ ಭಾಗಕ್ಕೂ ಅದೇ ಡಬ್ಬಿಯ ಬಣ್ಣ ಬಿದ್ದಿದೆ, ಅಲ್ಲಿ ಏನೂ ಆಗಿಲ್ಲ. ಪುಟ್ಟಿ ತುಂಬಿದ ಜಾಗದ ಗಡಿಯೊಳಗೇ ಗುಳ್ಳೆ ಎದ್ದಿದೆ ಎಂದರೆ ಪುಟ್ಟಿಯೊಳಗೆ ನೀರಿದೆ.

ಸಣ್ಣ ಸೂಜಿಯಿಂದ ಒಂದು ಗುಳ್ಳೆಯನ್ನು ಚುಚ್ಚಿ. ನೀರಿನ ಹನಿ ಜಿನುಗಿದರೆ ಅನುಮಾನವೇ ಬೇಡ. ಒಣಗಿದ್ದು, ತಳದಲ್ಲಿ ಕಂದು ಪುಡಿ ಕಂಡರೆ ತಗಡಿಗೆ ಆಗಲೇ ತುಕ್ಕು ಹಿಡಿದಿದೆ. ಗುಳ್ಳೆಯ ಬದಲು ಸಿಪ್ಪೆಯೇ ಎದ್ದಿದ್ದರೆ ಅದನ್ನು ಉಗುರಿನಲ್ಲಿ ಎತ್ತಿ ಹಿಂಬದಿ ನೋಡಿ. ಸಿಪ್ಪೆಗೆ ಪುಟ್ಟಿಯೂ ಅಂಟಿಕೊಂಡು ಬಂದು ಕೆಳಗೆ ತಗಡು ಹೊಳೆಯುತ್ತಿದ್ದರೆ, ತಗಡಿಗೆ ಸರಿಯಾಗಿ ಪೇಪರ್ (ಉಜ್ಜುವ ಸ್ಯಾಂಡ್ ಪೇಪರ್) ಹೊಡೆಯದೆ ಪುಟ್ಟಿ ಬಳಿದಿದ್ದಾರೆ. ಬರೀ ಪಾರದರ್ಶಕ ಪೊರೆ ಕಿತ್ತು ಬಂದು ಬಣ್ಣ ಕೆಳಗೇ ಉಳಿದಿದ್ದರೆ ತಪ್ಪು ಕ್ಲಿಯರ್ ಕೋಟ್ ಹೊಡೆಯುವಾಗಿನದು. ಕಿತ್ತುಬಂದ ತುಂಡಿನ ಹಿಂಬದಿ ನೋಡದೆ ಕಾರಣ ಹೇಳುವವರನ್ನು ನಂಬಬೇಡಿ.

ಈಗ ನೀರು ಒಳಗೆ ಹೇಗೆ ಹೋಯಿತು ಎಂಬುದು. ನಾವು ಬಳಸುವ ಪಾಲಿಯೆಸ್ಟರ್ ಪುಟ್ಟಿಯಲ್ಲಿ ರೆಸಿನ್ (ಗಟ್ಟಿಯಾಗುವ ರಾಳ) ಜೊತೆಗೆ ಟಾಲ್ಕ್ ಪುಡಿ ಹೇರಳವಾಗಿರುತ್ತದೆ. ಗಟ್ಟಿಯಾದ ಮೇಲೆ ಕಲ್ಲಿನಂತೆ ಕಂಡರೂ ಅದಕ್ಕೆ ನೀರು ಹೀರುವ ಗುಣ ಇದ್ದೇ ಇದೆ. ಉಜ್ಜಿದಾಗ ಮೇಲ್ಮೈಯ ಸೂಜಿಮೊನೆಯಂಥ ರಂಧ್ರಗಳೂ ತೆರೆದುಕೊಳ್ಳುತ್ತವೆ. ಅದರ ಮೇಲೆ ಬಕೆಟ್ಟಿನ ನೀರು ಚಿಮುಕಿಸುತ್ತ ವಾಟರ್ ಪೇಪರ್ ಹೊಡೆದರೆ ನೀರು ಒಳಗಿಳಿಯುತ್ತದೆ. ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಬಿಸಿಲಿಗಿಟ್ಟರೆ ಒಣಗುವುದು ಮೇಲ್ಭಾಗ ಮಾತ್ರ. ಅದರ ಮೇಲೆ ಪ್ರೈಮರ್ (ಬಣ್ಣದ ಕೆಳಗಿನ ತಳ ಕೋಟ್), ಬಣ್ಣ, ಕ್ಲಿಯರ್ ಎಂದು ಮೂರು ಮುಚ್ಚಳ ಹಾಕಿಬಿಡುತ್ತಾರೆ.

ಒಳಗಿನ ತೇವ ಎರಡು ಕೆಲಸ ಮಾಡುತ್ತದೆ. ತಗಡು ತಲುಪಿ ತುಕ್ಕು ಹಿಡಿಸುತ್ತದೆ. ಇನ್ನೊಂದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ಬೋರ್‌ವೆಲ್ಲಿನ ಗಡಸು ನೀರು ಆರಿದಾಗ ಅದರ ಲವಣ ಪುಟ್ಟಿಯಲ್ಲೇ ಉಳಿಯುತ್ತದೆ. ಬಣ್ಣದ ಪೊರೆ ಪ್ಲಾಸ್ಟಿಕ್ ಹಾಳೆಯಲ್ಲ, ತೇವವನ್ನು ಅತಿ ನಿಧಾನವಾಗಿಯಾದರೂ ಒಳಬಿಡುತ್ತದೆ. ವಾರಗಟ್ಟಲೆ ಮಳೆಯಲ್ಲಿ ನೆನೆದ ಕಾರಿನಲ್ಲಿ ಈ ಲವಣ ಹೊರಗಿನ ತೇವವನ್ನು ಪೊರೆಯ ಮೂಲಕ ತನ್ನತ್ತ ಎಳೆದುಕೊಳ್ಳುತ್ತದೆ. ನೀರು ಸೇರಿದಂತೆ ಒತ್ತಡ ಹೆಚ್ಚಿ ಪೊರೆ ಉಬ್ಬುತ್ತದೆ. ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಮಳೆ ಮುಗಿಯುವ ಹೊತ್ತಿಗೆ ಗುಳ್ಳೆ ಕಾಣಿಸುವುದು ಇದರಿಂದ. ಡೆಲಿವರಿ ದಿನ ಎಲ್ಲವೂ ಕನ್ನಡಿಯಂತೆ ಇರುವುದರಿಂದ ಕೆಲಸ ಮಾಡಿದವರಿಗೆ ತಮ್ಮ ತಪ್ಪು ಗೊತ್ತಾಗುವುದೂ ಇಲ್ಲ.

ಗ್ಯಾರೇಜಿನವರು ನೀರು ಬಳಸುವುದಕ್ಕೂ ಕಾರಣಗಳಿವೆ. ದೂಳು ಏಳುವುದಿಲ್ಲ, ಪೇಪರಿಗೆ ಪುಡಿ ಮೆತ್ತಿಕೊಳ್ಳುವುದಿಲ್ಲ, ಒಂದೇ ಪೇಪರ್ ಹೆಚ್ಚು ಹೊತ್ತು ಬಾಳುತ್ತದೆ. ಮೂರೂ ನಿಜ. ಆದರೆ ಒಣ ಉಜ್ಜುವಿಕೆಗೆಂದೇ, ಪುಡಿ ಮೆತ್ತದ ಲೇಪನವಿರುವ ಪೇಪರ್ ಸಿಗುತ್ತದೆ. ದೂಳಿಗೆ ಎನ್-95 ಮಾಸ್ಕ್ ಇದೆ. ನಾಲ್ಕು ಹಾಳೆ ಪೇಪರ್ ಉಳಿಸಲು ಹೋಗಿ ಇಡೀ ಬಾಗಿಲು ಮತ್ತೆ ಮಾಡುವುದು ಯಾವ ಲೆಕ್ಕ?

ಕಲಿಯುವವರು ಹೀಗೆ ಮಾಡಿ. ಅಂಗೈ ಅಗಲದ ನೆಗ್ಗು ಎಂದಿಟ್ಟುಕೊಳ್ಳೋಣ. ಪೇಪರ್ ಮುಟ್ಟುವ ಮೊದಲೇ ಜಿಡ್ಡು ತೆಗೆಯಿರಿ. ಜಿಡ್ಡಿನ ಮೇಲೆ ಉಜ್ಜಿದರೆ ಅದು ಗೀರುಗಳೊಳಗೆ ಸೇರಿ ಕೂರುತ್ತದೆ. ಬಣ್ಣದಂಗಡಿಯಲ್ಲಿ ಸಿಗುವ ವ್ಯಾಕ್ಸ್-ಗ್ರೀಸ್ ರಿಮೂವರನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮುಂಚೆಯೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಬೇಕು. ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಆಮೇಲೆ ಟಿಂಕರಿಂಗ್. ತಗಡನ್ನು ಎಳೆದು, ತಟ್ಟಿ, ಸಾಧ್ಯವಾದಷ್ಟು ಮಟ್ಟಕ್ಕೆ ತನ್ನಿ. ಪುಟ್ಟಿ ತುಂಬಬೇಕಾದ ಆಳ 2-3 ಮಿಲಿಮೀಟರ್ ಮೀರಬಾರದು. ಬೆರಳು ಮುಳುಗುವಷ್ಟು ಹಳ್ಳಕ್ಕೆ ಪುಟ್ಟಿ ಮೆತ್ತಿ ಸಮ ಮಾಡುವುದು ರಿಪೇರಿ ಅಲ್ಲ, ಮೋಸ. ಬಾಗಿಲು ಹತ್ತು ಸಲ ಜೋರಾಗಿ ಹಾಕಿದರೆ ಅದು ಬಿರುಕು ಬಿಡುತ್ತದೆ.

80 ನಂಬರ್ ಪೇಪರಿನಲ್ಲಿ (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು) ಹಳೆ ಬಣ್ಣ ತೆಗೆದು ತಗಡು ಕಾಣಿಸಿ. ತುಕ್ಕಿನ ಒಂದು ಚುಕ್ಕೆಯೂ ಉಳಿಯಬಾರದು. ಹಳೆ ಬಣ್ಣದ ಅಂಚನ್ನು 120, ಆಮೇಲೆ 180ರಲ್ಲಿ ಇಳಿಜಾರು ಮಾಡಿ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಮೆಟ್ಟಿಲು ತಾಗಬಾರದು. ಬರಿದಾದ ತಗಡನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ, ಕರಾವಳಿಯಲ್ಲಂತೂ ಒಂದೆರಡು ಗಂಟೆಯೂ ಬೇಡ. ನಿಮ್ಮ ಊರಿನ ಹವೆಗೆ ತಗಡಿನ ಮೇಲೆ ಮೊದಲು ಎಪಾಕ್ಸಿ ಪ್ರೈಮರ್ ಹೊಡೆಸಿ, ಅದು ಪೂರ್ತಿ ಗಟ್ಟಿಯಾದ ಮೇಲೆ 180ರಲ್ಲಿ ಉಜ್ಜಿ ಪುಟ್ಟಿ ಹಾಕುವುದೇ ಸರಿ. ಆಮ್ಲವಿರುವ ಎಟ್ಚ್ (etch) ಪ್ರೈಮರಿನ ಮೇಲೆ ಮಾತ್ರ ಪಾಲಿಯೆಸ್ಟರ್ ಪುಟ್ಟಿ ಬೇಡವೇ ಬೇಡ. ಆ ಆಮ್ಲ ಪುಟ್ಟಿ ಗಟ್ಟಿಯಾಗುವುದನ್ನು ತಡೆಯುತ್ತದೆ.

100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡ್ನರ್ (ಅದನ್ನು ಗಟ್ಟಿ ಮಾಡುವ ಟ್ಯೂಬಿನ ಪೇಸ್ಟ್). 3 ಗ್ರಾಂ ಮೀರಬಾರದು. ‘ಬೇಗ ಒಣಗಲಿ’ ಎಂದು ಟ್ಯೂಬ್ ಹಿಂಡುವವರ ಕೆಲಸದಲ್ಲಿ ಆಮೇಲೆ ತಿಳಿ ಬಣ್ಣದ ಮೇಲೆ ಹಳದಿ ಕಲೆ ಮೂಡುತ್ತದೆ. ಹಾರ್ಡ್ನರಿನಲ್ಲಿರುವ ಪೆರಾಕ್ಸೈಡ್ ಹೆಚ್ಚಾಗಿ ಮೇಲೇರಿ ಬಣ್ಣವನ್ನು ಕೆಡಿಸುವುದರಿಂದ ಹಾಗಾಗುತ್ತದೆ. ಒಂದು ತಕ್ಕಡಿ ಇಟ್ಟುಕೊಳ್ಳಿ. ರಟ್ಟಿನ ಮೇಲೆ ಕಲಸಬೇಡಿ, ರಟ್ಟು ಪುಟ್ಟಿಯ ದ್ರವವನ್ನು ಹೀರುತ್ತದೆ. ಗಾಜು ಅಥವಾ ಲೋಹದ ಹಲಗೆ ಸಾಕು. ಚಟ್ನಿ ತಿರುವಿದಂತೆ ತಿರುವಿದರೆ ಗಾಳಿ ಸೇರುತ್ತದೆ. ಚಪ್ಪಟೆ ಪಟ್ಟಿಯಲ್ಲಿ ಒತ್ತಿ, ಮಡಚಿ, ಮತ್ತೆ ಒತ್ತುತ್ತ, ಗೆರೆಯಿಲ್ಲದ ಒಂದೇ ಬಣ್ಣ ಬರುವ ತನಕ ಕಲಸಿ. ಕೈಯಲ್ಲಿರುವ ಸಮಯ ನಾಲ್ಕೈದು ನಿಮಿಷ, ಏಪ್ರಿಲ್ ಬಿಸಿಲಿನಲ್ಲಿ ಅದಕ್ಕಿಂತ ಕಡಿಮೆ. ಮೊದಲ ಪದರ ತೆಳ್ಳಗೆ, ಗೀರುಗಳೊಳಗೆ ಕೂರುವಂತೆ ಬಿಗಿಯಾಗಿ ಒತ್ತಿ ಎಳೆಯಿರಿ. ಮೇಲಿನ ಪದರಗಳು ತಲಾ ಸುಮಾರು 1 ಮಿಲಿಮೀಟರ್.

20-30 ನಿಮಿಷ ಬಿಟ್ಟು ಉಗುರಿನಲ್ಲಿ ಗೀರಿ. ಬಿಳಿ ಗೆರೆ ಬಂದರೆ ಉಜ್ಜಲು ಹದವಾಗಿದೆ, ಉಗುರು ಒಳಗಿಳಿದರೆ ಇನ್ನೂ ಕಾಯಿರಿ. ಎಲ್ಲವೂ ಒಣ ಕೆಲಸ: ಆಕಾರಕ್ಕೆ 80, ಆಮೇಲೆ 120, 180, ಕೊನೆಗೆ 240. ಪೇಪರನ್ನು ಬೆರಳಲ್ಲಿ ಹಿಡಿದು ಉಜ್ಜಿದರೆ ಬೆರಳಿನ ಅಲೆಗಳೇ ಮೂಡುತ್ತವೆ, ಹೊಳಪಿನ ಬಣ್ಣ ಬಿದ್ದ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಹಾವಿನಂತೆ ಹರಿಯುತ್ತದೆ. ನೆಗ್ಗಿಗಿಂತ ಉದ್ದದ ಬ್ಲಾಕ್ ಹಿಡಿದು, ಒಮ್ಮೆ ಎಡ ಓರೆ, ಒಮ್ಮೆ ಬಲ ಓರೆಯಾಗಿ ಉಜ್ಜಿ. ಮೇಲೆ ಕಪ್ಪು ಗೈಡ್ ಪೌಡರ್ ಸವರಿಕೊಂಡರೆ ತಗ್ಗುಗಳಲ್ಲಿ ಕಪ್ಪು ಉಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ಉಜ್ಜಿದ ಪುಟ್ಟಿಯನ್ನು ಥಿನ್ನರ್ ಬಟ್ಟೆಯಲ್ಲೂ ಒರೆಸಬೇಡಿ. ನೀರಿನಂತೆ ಅದನ್ನೂ ಪುಟ್ಟಿ ಹೀರುತ್ತದೆ. ಒಣ ಗಾಳಿ ಊದಿ, ದೂಳಂಟುವ ಟ್ಯಾಕ್ ಬಟ್ಟೆ ಆಡಿಸಿದರೆ ಸಾಕು. ಕಂಪ್ರೆಸರಿನ ಗಾಳಿಯಲ್ಲೂ ನೀರಿರುತ್ತದೆ. ವಾಟರ್ ಸೆಪರೇಟರ್ ಇಲ್ಲದೆ ಊದಬೇಡಿ, ದಿನವೂ ಟ್ಯಾಂಕಿನ ತಳದ ನೀರು ಬಿಡಿ.

ಉಳಿದ ರಂಧ್ರಗಳಿಗೆ ಟ್ಯೂಬಿನ ಎನ್.ಸಿ. (ನೈಟ್ರೋಸೆಲ್ಯುಲೋಸ್) ಪುಟ್ಟಿ ತುಂಬುವ ಅಭ್ಯಾಸವನ್ನೂ ಬಿಡಿ. ಅದು ಥಿನ್ನರ್ ಆರಿ ಒಣಗುವ ವಸ್ತು, ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ, ಬಣ್ಣದ ಮೇಲೆ ಕುಳಿ ಕಾಣುತ್ತದೆ. ಹಾರ್ಡ್ನರ್ ಬೆರೆಸುವ ನುಣುಪು ಪಾಲಿಯೆಸ್ಟರ್ ಸ್ಟಾಪರ್ (ಸಣ್ಣ ರಂಧ್ರ ತುಂಬುವ ಪುಟ್ಟಿ) ಬಳಸಿ.

ಇದರ ಮೇಲೆ ಸ್ಪ್ರೇ ಗನ್ನಿನ 1.6ರಿಂದ 1.8 ಮಿಲಿಮೀಟರಿನ ನಾಜಲ್‌ನಲ್ಲಿ ಟೂ-ಕೆ (ಹಾರ್ಡ್ನರ್ ಬೆರೆಸಿ ಬಳಸುವ, ಎರಡು ಭಾಗದ) ಪ್ರೈಮರ್ ಸರ್ಫೇಸರ್ ಎರಡು-ಮೂರು ಕೋಟ್, ನಡುನಡುವೆ ಹತ್ತು ನಿಮಿಷ. ರಾತ್ರಿಯಿಡೀ ಗಟ್ಟಿಯಾಗಲು ಬಿಡಿ. ನೀರು ಬಳಸಬಹುದಾದದ್ದು ಇಲ್ಲಿಂದ ಮುಂದೆ, ಗಟ್ಟಿಯಾದ ಈ ಪ್ರೈಮರಿನ ಮೇಲೆ, 800 ನಂಬರ್ ವಾಟರ್ ಪೇಪರಿನಲ್ಲಿ. ಉಜ್ಜುವಾಗ ಪ್ರೈಮರ್ ಸವೆದು ಪುಟ್ಟಿ ಇಣುಕಿತೋ, ನಿಲ್ಲಿಸಿ, ಒಣಗಿಸಿ, ಆ ಜಾಗಕ್ಕೆ ಮತ್ತೆ ಪ್ರೈಮರ್ ಕೊಡಿ.

ನಿಮ್ಮ ಬಾಗಿಲಿಗೆ ಮೇಲಿಂದ ಮೇಲೆ ಬಣ್ಣ ಹೊಡೆಸಬೇಡಿ. ಪುಟ್ಟಿಯನ್ನು ಪೂರ್ತಿ ಕಿತ್ತು ತಗಡಿನಿಂದಲೇ ಶುರು ಮಾಡಬೇಕು. ‘ಹೀಟ್ ಗನ್ ಹಿಡಿದು ಒಣಗಿಸಿ ಕೊಡ್ತೀವಿ’ ಎನ್ನುವವರ ಮಾತು ಕೇಳಬೇಡಿ. ನೀರು ಆರಬಹುದು, ಲವಣ ಎಲ್ಲಿಗೆ ಹೋಗುತ್ತದೆ?

ಟೂ-ಕೆ ಕ್ಲಿಯರ್ ತೆಳು ಮಾಡಲು ಎನ್.ಸಿ. ಥಿನ್ನರ್ ಹಾಕಿದರೆ ಏನಾಗುತ್ತದೆ? ಬೆಲೆ ಬಹಳ ಕಡಿಮೆ. (ಹುಬ್ಬಳ್ಳಿ)

ಕ್ಲಿಯರ್ ಪೂರ್ತಿ ಗಟ್ಟಿಯಾಗುವುದಿಲ್ಲ. ಟೂ-ಕೆ ಹಾರ್ಡ್ನರಿನಲ್ಲಿರುವ ಐಸೋಸಯನೇಟ್ ರೆಸಿನ್ ಜೊತೆ ಕೂಡಬೇಕು. ಎನ್.ಸಿ. ಥಿನ್ನರಿನಲ್ಲಿ ಸಾಮಾನ್ಯವಾಗಿ ಆಲ್ಕೊಹಾಲ್ ಇರುತ್ತದೆ, ಅಗ್ಗದ ಮಾಲಿನಲ್ಲಿ ತೇವವೂ ಇರುತ್ತದೆ. ಇವೆರಡೂ ಹಾರ್ಡ್ನರನ್ನು ತಾವೇ ತಿಂದುಬಿಡುತ್ತವೆ. ಮೊದಲ ವಾರ ಹೊಳೆಯುತ್ತದೆ, ಆಮೇಲೆ ಮಂಕು, ಉಗುರು ಊರಿದರೆ ಗುರುತು. ಕ್ಲಿಯರ್ ತಯಾರಕರು ಹೇಳಿದ ಟೂ-ಕೆ ಥಿನ್ನರ್ ಮಾತ್ರ, ಅವರು ಹೇಳಿದಷ್ಟೇ ಹಾಕಿ. 2 ಪಾಲು ಕ್ಲಿಯರ್, 1 ಪಾಲು ಹಾರ್ಡ್ನರ್ ಎಂದಿದ್ದರೆ ಅಳತೆಯ ಕಪ್ಪಿನಲ್ಲೇ ಅಳೆಯಿರಿ. ಒಂದು ಕಂಪನಿಯ ಕ್ಲಿಯರಿಗೆ ಇನ್ನೊಂದರ ಹಾರ್ಡ್ನರ್ ಬೇಡ.

ಮನೆಯ ಶೆಡ್ಡಿನಲ್ಲಿ ಸ್ಪ್ರೇ ಮಾಡುವಾಗ ಕರ್ಚೀಫ್ ಕಟ್ಟಿಕೊಂಡರೆ ಸಾಕಲ್ಲವೇ? ಎನ್-95 ಕೂಡ ಇದೆ. (ದಾವಣಗೆರೆ)

ಸಾಲದು. ದಯವಿಟ್ಟು ಇದನ್ನು ಎರಡು ಸಲ ಓದಿ. ಎನ್-95 ದೂಳು ತಡೆಯುತ್ತದೆ, ಆವಿಯನ್ನಲ್ಲ. ಈಗ ಹೇಳಿದ ಐಸೋಸಯನೇಟ್ ಉಸಿರಿಗೆ ಹೋದರೆ ಅಸ್ತಮಾ ಬರಿಸಬಲ್ಲದು. ಒಮ್ಮೆ ದೇಹ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ ಮುಂದೆ ಅತ್ಯಲ್ಪ ಪ್ರಮಾಣಕ್ಕೂ ಉಸಿರು ಕಟ್ಟುತ್ತದೆ. ವಾಸನೆಯಿಂದ ಗೊತ್ತಾಗುವ ಹೊತ್ತಿಗೆ ಮಿತಿ ಎಂದೋ ದಾಟಿರುತ್ತದೆ. ಟೂ-ಕೆ ಕ್ಲಿಯರಿಗಷ್ಟೇ ಅಲ್ಲ, ಟೂ-ಕೆ ಪ್ರೈಮರಿಗೂ ಇದು ಅನ್ವಯಿಸುತ್ತದೆ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ, ಗಾಳಿ ಎಳೆದು ಹೊರಹಾಕುವ ಬೂತ್ ಎರಡೂ ಬೇಕು. ಅದಿಲ್ಲದವರಿಗೆ ನನ್ನ ಸಲಹೆ ಒಂದೇ: ಪುಟ್ಟಿ ಉಜ್ಜುವ ತನಕದ ಕೆಲಸ ಮನೆಯಲ್ಲಿ ಕಲಿಯಿರಿ, ಗನ್ ಹಿಡಿಯುವ ಕೆಲಸವನ್ನು ಬೂತ್ ಇರುವವರಿಗೆ ಒಪ್ಪಿಸಿ. ಶೆಡ್ಡಿನ ಪಕ್ಕದಲ್ಲಿ ಮಕ್ಕಳು ಆಡುತ್ತಿರುತ್ತಾರೆ ಎಂಬುದೂ ನೆನಪಿರಲಿ.

ಸಿಲ್ವರ್ ಕಾರು. ಕಲರ್ ಕೋಡ್ ಕೊಟ್ಟೇ ಬಣ್ಣ ಮಾಡಿಸಿದೆ, ಆದರೂ ಬಾಗಿಲು ಬೇರೆ, ಫೆಂಡರ್ ಬೇರೆ ಕಾಣುತ್ತದೆ. (ಮೈಸೂರು)

ಕೋಡ್ ಆರಂಭ ಮಾತ್ರ. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳು ಹೇಗೆ ಮಲಗಿವೆ ಎಂಬುದರ ಮೇಲೆ ಛಾಯೆ ನಿಂತಿದೆ. ಗನ್ ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಚೂರುಗಳು ಮುಳುಗಿ ಕಪ್ಪಾಗುತ್ತದೆ, ದೂರದಿಂದ ಒಣಗೊಣಗಾಗಿ ಬಿದ್ದರೆ ತಿಳಿಯಾಗುತ್ತದೆ. 15-20 ಸೆಂಟಿಮೀಟರ್ ದೂರ, ಪ್ರತಿ ಪಟ್ಟೆ ಹಿಂದಿನದರ ಅರ್ಧದ ಮೇಲೆ. ಮೊದಲು ಒಂದು ತಗಡಿನ ತುಂಡಿನ ಮೇಲೆ ಹೊಡೆದು, ಕ್ಲಿಯರನ್ನೂ ಹಾಕಿ, ಬಿಸಿಲಿನಲ್ಲಿ ಕಾರಿನ ಪಕ್ಕ ಹಿಡಿದು ಎರಡು ಕೋನದಿಂದ ನೋಡಬೇಕಿತ್ತು. ಆ ಮೇಲೂ ಬಣ್ಣವನ್ನು ಪಕ್ಕದ ಫೆಂಡರಿನೊಳಗೆ ಒಂದು ಗೇಣು ಕ್ರಮೇಣ ತೆಳುವಾಗಿಸುತ್ತ ಬೆರೆಸಿ, ಇಡೀ ಫೆಂಡರಿಗೆ ಕ್ಲಿಯರ್ ಕೊಡಬೇಕು. ಸಿಲ್ವರಿನಲ್ಲಿ ಬಾಗಿಲಿನ ಅಂಚಿಗೇ ನಿಲ್ಲಿಸಿದ ಬಣ್ಣ ಹೊಂದುವುದು ಅಪರೂಪ.

ಗೀರಿಗೆ ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ? (ಹಲವರು)

ಉಗುರು ತಗಲುವ ಗೀರು ಇವೆರಡರಿಂದಲೂ ಹೋಗುವುದಿಲ್ಲ, ಎಣ್ಣೆ ಎರಡು ದಿನ ಅದನ್ನು ಮರೆಮಾಚುತ್ತದೆ ಅಷ್ಟೆ.

ಪ್ಲಾಸ್ಟಿಕ್ ಬಂಪರಿನ ಬಣ್ಣ ಹಾಳೆಹಾಳೆಯಾಗಿ ಏಳುತ್ತಿದೆ. (ತುಮಕೂರು)

ಪ್ಲಾಸ್ಟಿಕ್ ಪ್ರೈಮರ್ ಹಾಕಿಲ್ಲ.

ಬಣ್ಣದ ಮೇಲೆ ಮೀನಿನ ಕಣ್ಣಿನಂಥ ಗುಂಡಿಗಳು ಬೀಳುತ್ತಿವೆ. ಸೀಮೆಎಣ್ಣೆಯಲ್ಲಿ ಒರೆಸಿಯೇ ಹೊಡೆದದ್ದು. (ಕಲಬುರಗಿ)

ಸೀಮೆಎಣ್ಣೆಯೇ ಒಂದು ಜಿಡ್ಡು, ಅದನ್ನು ಮುಟ್ಟಬೇಡಿ. ಶೆಡ್ಡಿನಲ್ಲಿ ಡ್ಯಾಶ್‌ಬೋರ್ಡ್ ಅಥವಾ ಟೈರ್ ಪಾಲಿಶ್ ಇದ್ದರೆ ಅದನ್ನೂ ಹೊರಗಿಡಿ, ಅದರ ಸಿಲಿಕೋನ್ ಕೈಬಟ್ಟೆಯಿಂದಲೂ ದಾಟುತ್ತದೆ. ಗುಂಡಿ ಬಿದ್ದ ಮೇಲೆ ಇನ್ನೊಂದು ದಪ್ಪ ಕೋಟ್ ಹೊಡೆದರೆ ಮುಚ್ಚುವುದಿಲ್ಲ. ಗಟ್ಟಿಯಾಗಲು ಬಿಟ್ಟು, ಉಜ್ಜಿ, ಜಿಡ್ಡು ತೆಗೆದು ಮತ್ತೆ ಹೊಡೆಯಿರಿ.

ಹೊಸ ಬಣ್ಣದ ಮೇಲೆ ಸೆರಾಮಿಕ್ ಕೋಟಿಂಗ್ ಮಾರನೆಯ ದಿನವೇ ಮಾಡಿಕೊಡುತ್ತೇವೆ ಎನ್ನುತ್ತಾರೆ. (ಬೆಂಗಳೂರು)

ಬೇಡ. ಒಲೆಯಲ್ಲಿ ಬೇಯಿಸದೆ ಗಾಳಿಯಲ್ಲಿ ಆರಿದ ಬಣ್ಣದಿಂದ ಥಿನ್ನರ್ ವಾರಗಟ್ಟಲೆ ಹೊರಬರುತ್ತಿರುತ್ತದೆ. ಕನಿಷ್ಠ 30 ದಿನ ವ್ಯಾಕ್ಸ್ ಕೂಡ ಹಾಕಬೇಡಿ, ಹಿಕ್ಕೆ ಬಿದ್ದರೆ ಅಂದೇ ಬರೀ ನೀರಿನಲ್ಲಿ ತೊಳೆಯಿರಿ.

ಬೈಕಿನ ಟ್ಯಾಂಕಿಗೆ ಸ್ಪ್ರೇ ಕ್ಯಾನ್ ಹೊಡೆದೆ. ಪೆಟ್ರೋಲ್ ಚೆಲ್ಲಿದ ಕಡೆ ಕರಗಿತು. (ಶಿರಸಿ)

ಹಾರ್ಡ್ನರ್ ಇಲ್ಲದ ಸಾಮಾನ್ಯ ಕ್ಯಾನಿನ ಬಣ್ಣ ಪೆಟ್ರೋಲ್ ತಡೆಯುವುದಿಲ್ಲ. ಪೂರ್ತಿ ತೆಗೆದು, ಟ್ಯಾಂಕನ್ನು ಬೈಕಿನಿಂದ ಬಿಚ್ಚಿ, ಪೆಟ್ರೋಲ್ ಖಾಲಿ ಮಾಡಿ ಆವಿಯೂ ಹೋದ ಮೇಲೆ, ಬೂತ್ ಇರುವಲ್ಲಿ ಟೂ-ಕೆ ಕ್ಲಿಯರ್ ಹೊಡೆಸಿ. ಮುಚ್ಚಳದ ಸುತ್ತಲಿನ ಅಂಚಿಗೂ ಕ್ಲಿಯರ್ ತಲುಪಿದೆಯೇ ನೋಡಿಕೊಳ್ಳಿ, ಪೆಟ್ರೋಲ್ ಮೊದಲು ನುಗ್ಗುವುದು ಅಲ್ಲಿಂದ.