ಲಿನಕ್ಸ್‌ನಲ್ಲಿ ‘ಕೋರ್ ಡಂಪ್ಡ್’ ಎಂದು ಬರುತ್ತದೆ, ಆದರೆ ಫೋಲ್ಡರ್‌ನಲ್ಲಿ ಕೋರ್ ಫೈಲ್ ಇಲ್ಲ. ಎಲ್ಲಿ ಹೋಯಿತು?

ನಿಮ್ಮ ಸಿ++ ಪ್ರೋಗ್ರಾಂ ಸೆಗ್ಮೆಂಟೇಶನ್ ಫಾಲ್ಟ್‌ನಿಂದ ಸಾಯುತ್ತಿದೆ, ಮುಂದೆ ‘ಕೋರ್ ಡಂಪ್ಡ್’ ಎಂದೂ ಬರುತ್ತಿದೆ ಎಂದಿದ್ದೀರಿ. ಕೋರ್ ಡಂಪ್ ಎಂದರೆ ಪ್ರೋಗ್ರಾಂ ಸಾಯುವ ಹೊತ್ತಿನ ಅದರ ಮೆಮೊರಿಯ ನಕಲು. ‘ಕೋರ್ ಡಂಪ್ಡ್’ ಎಂದು ಹೇಳುವುದು ಶೆಲ್, ಅಂದರೆ ನೀವು ಟರ್ಮಿನಲ್‌ನಲ್ಲಿ ಕೊಟ್ಟ ಕಮಾಂಡ್ ಓಡಿಸುವ ಪ್ರೋಗ್ರಾಂ. ಸತ್ತ ಪ್ರೋಸೆಸ್‌ನ ಸ್ಟೇಟಸ್‌ನಲ್ಲಿ ಕರ್ನಲ್ ಒಂದು ಬಿಟ್ ಹಚ್ಚಿರುತ್ತದೆ, ಶೆಲ್ ಅದನ್ನು ನೋಡಿ ಹೇಳುತ್ತದೆ, ಅಷ್ಟೇ. ಫೈಲ್ ಎಲ್ಲಿದೆ, ಉಳಿದಿದೆಯೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ನಾನು ಮೊದಲು ತೆರೆದು ನೋಡುವುದು /ಪ್ರೋಕ್/ಸಿಸ್/ಕರ್ನಲ್/ಕೋರ್_ಪ್ಯಾಟರ್ನ್ ಫೈಲನ್ನು. ಅದರ ಸಾಲು | ಚಿಹ್ನೆಯಿಂದ ಶುರುವಾಗಿದ್ದರೆ, ಕರ್ನಲ್ ಡಂಪನ್ನು ಡಿಸ್ಕಿಗೆ ಬರೆಯದೆ ಮುಂದಿರುವ ಪ್ರೋಗ್ರಾಮಿಗೆ ಪೈಪ್ ಮಾಡುತ್ತದೆ. ಫೆಡೋರಾದಲ್ಲಿ ಅದು ಸಿಸ್ಟಮ್‌ಡಿ-ಕೋರ್‌ಡಂಪ್: ‘ಕೋರ್‌ಡಂಪ್‌ಸಿಟಿಎಲ್ ಲಿಸ್ಟ್’ ಕೊಟ್ಟರೆ ಪಟ್ಟಿ ಬರುತ್ತದೆ, ‘ಕೋರ್‌ಡಂಪ್‌ಸಿಟಿಎಲ್ ಜಿಡಿಬಿ’ ಎಂದರೆ ಕೊನೆಯದು ನೇರ ಡಿಬಗ್ಗರ್‌ನಲ್ಲಿ ತೆರೆಯುತ್ತದೆ. ಹಳೆಯ ಡಂಪ್‌ಗಳನ್ನು ಅದು ತಾನೇ ಅಳಿಸುತ್ತದೆ, ಬೇಕಾದ್ದನ್ನು ಬೇಗ ಎತ್ತಿಡಿ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಅದರ ಜಾಗದಲ್ಲಿ ಆಪೋರ್ಟ್ ಎಂಬ ಪ್ರೋಗ್ರಾಂ ಇರುತ್ತದೆ. /ವಾರ್/ಲಿಬ್/ಆಪೋರ್ಟ್/ಕೋರ್‌ಡಂಪ್ ನೋಡಿ, ಅಲ್ಲೂ ಇಲ್ಲದಿದ್ದರೆ ಆಪೋರ್ಟ್‌ನ ಲಾಗ್ ಓದಿ. ಪೈಪ್ ಇದ್ದಾಗ ‘ಯುಲಿಮಿಟ್ -ಸಿ’ ಮಿತಿಯನ್ನು (ಕೋರ್ ಫೈಲಿನ ಗರಿಷ್ಠ ಗಾತ್ರ) ಕರ್ನಲ್ ಲೆಕ್ಕಿಸುವುದಿಲ್ಲ, ಆದರೆ ಆಪೋರ್ಟ್ ಲೆಕ್ಕಿಸುತ್ತದೆ. ಮಿತಿ 0 ಇದ್ದರೆ ‘ಡಂಪ್ಡ್’ ಎಂದೂ ಬರುತ್ತದೆ, ಫೈಲೂ ಇರುವುದಿಲ್ಲ. ನಿಮ್ಮದು ಬಹುಶಃ ಇದೇ. ‘ಯುಲಿಮಿಟ್ -ಸಿ ಅನ್‌ಲಿಮಿಟೆಡ್’ ಕೊಟ್ಟು ಅದೇ ಶೆಲ್‌ನಲ್ಲಿ ಮತ್ತೆ ಓಡಿಸಿ. ಬೇರೆ ಟರ್ಮಿನಲ್‌ಗೆ ಅದು ಅನ್ವಯಿಸದು. ಸಿಸ್ಟಮ್‌ಡಿ ಓಡಿಸುವ ಸರ್ವಿಸ್ ಆದರೆ ಅದರ ಯೂನಿಟ್ ಫೈಲಿನಲ್ಲಿ ಲಿಮಿಟ್‌ಕೋರ್=ಇನ್ಫಿನಿಟಿ ಬೇಕು.

ಪೈಪ್ ಇಲ್ಲದೆ ಬರೀ ‘ಕೋರ್’ ಎಂದಿದ್ದರೆ ಫೈಲ್ ಬೀಳುವುದು ಪ್ರೋಸೆಸ್ ಆಗ ಕೂತಿದ್ದ ಡೈರೆಕ್ಟರಿಯಲ್ಲಿ, ಬೈನರಿ ಇರುವ ಜಾಗದಲ್ಲಲ್ಲ. ಡೀಮನ್‌ಗಳು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು, ಸಾಮಾನ್ಯವಾಗಿ / ನಲ್ಲಿ ಕೂತಿರುತ್ತವೆ, ಅಲ್ಲಿ ಬರೆಯಲು ರೂಟ್ ಅಲ್ಲದವರಿಗೆ ಅನುಮತಿ ಇಲ್ಲ.

ಸೆಟ್ಟಿಂಗ್ ಸರಿಯಾಯಿತೇ ಎಂದು ನೋಡಲು ನಿಮ್ಮ ಪ್ರೋಗ್ರಾಂ ಕ್ರ್ಯಾಶ್ ಆಗಲಿ ಎಂದು ಕಾಯಬೇಕಿಲ್ಲ. ‘ಸ್ಲೀಪ್ 100’ ಓಡಿಸಿ ಕಂಟ್ರೋಲ್ ಜೊತೆ \ ಒತ್ತಿ. ಅದು ಸಿಗ್‌ಕ್ವಿಟ್ ಎಂಬ ಸಿಗ್ನಲ್, ಅದಕ್ಕೂ ಡಂಪ್ ಬರುತ್ತದೆ.

ಫೈಲ್ ಸಿಕ್ಕ ಮೇಲೂ ಒಂದು ತೊಡಕಿದೆ. ಡಂಪ್ ಬರೆಯುವಾಗ ಕರ್ನಲ್ ಉಳಿದ ಥ್ರೆಡ್‌ಗಳನ್ನು ನಿಲ್ಲಿಸಿ, ಪ್ರತಿ ಥ್ರೆಡ್‌ನ ರಿಜಿಸ್ಟರ್‌ಗಳು, ಸಿಗ್ನಲ್, ಯಾವ ಫೈಲ್ ಮೆಮೊರಿಯಲ್ಲಿ ಎಲ್ಲಿ ಮ್ಯಾಪ್ ಆಗಿತ್ತು ಎಂಬ ಪಟ್ಟಿ, ಆಮೇಲೆ ಸ್ಟ್ಯಾಕ್, ಹೀಪ್ ಇತ್ಯಾದಿಗಳನ್ನು ಇಎಲ್‌ಎಫ್ (ಲಿನಕ್ಸ್ ಬೈನರಿಗಳದ್ದೇ ಫೈಲ್ ವಿನ್ಯಾಸ) ರೂಪದಲ್ಲಿ ಬರೆಯುತ್ತದೆ. ಕೋಡ್‌ನ ಪುಟಗಳು ಡಿಸ್ಕಿನಲ್ಲಿ ಇದ್ದೇ ಇವೆಯಲ್ಲ, ಅವನ್ನು ಬರೆಯುವುದಿಲ್ಲ. ಏನೇನು ಬರೆಯಬೇಕೆಂದು ಹೇಳುವ, ಪ್ರೋಸೆಸ್‌ನ ಕೋರ್‌ಡಂಪ್_ಫಿಲ್ಟರ್‌ನ ಡೀಫಾಲ್ಟ್ ಬೆಲೆ 0x33ರ ಅರ್ಥ ಅದೇ. ಆದ್ದರಿಂದ ಕ್ರ್ಯಾಶ್ ಆದ ಅದೇ ಬೈನರಿ, ಅದೇ ಲೈಬ್ರರಿಗಳು ನಿಮ್ಮ ಕೈಯಲ್ಲಿರಬೇಕು. ಮಧ್ಯೆ ಒಮ್ಮೆ ಕೋಡ್ ಬದಲಿಸಿ ಬಿಲ್ಡ್ ಮಾಡಿದಿರೋ, ಡಿಬಗ್ಗರ್ ಜಿಡಿಬಿ ತೋರಿಸುವ ಬ್ಯಾಕ್‌ಟ್ರೇಸ್ (ಕ್ರ್ಯಾಶ್‌ವರೆಗಿನ ಫಂಕ್ಷನ್ ಕರೆಗಳ ಸರಣಿ) ನಂಬುವಂತಿರುವುದಿಲ್ಲ. ಬೈನರಿಯ ಇಎಲ್‌ಎಫ್ ಹೆಡರ್ ಪುಟ ಮಾತ್ರ ಡಂಪ್‌ನೊಳಗೆ ಬರುವುದರಿಂದ, ಡಂಪ್ ಮತ್ತು ಬೈನರಿ ಎರಡರ ಬಿಲ್ಡ್ ಐಡಿ (ಆ ಬಿಲ್ಡಿನ ಗುರುತು) ಹೋಲಿಸಿ ಖಚಿತಪಡಿಸಿಕೊಳ್ಳಬಹುದು.

‘ಕೋರ್ ಫೈಲ್ ಟ್ರಂಕೇಟೆಡ್’ ಎಂದು ಜಿಡಿಬಿ ಗೊಣಗಿದರೆ ಡಿಸ್ಕ್ ತುಂಬಿರಬಹುದು, ಗಾತ್ರದ ಮಿತಿ ಮುಟ್ಟಿರಬಹುದು, ಇಲ್ಲವೇ ಬರೆಯುತ್ತಿರುವಾಗಲೇ ಯಾರೋ ಸಿಗ್‌ಕಿಲ್ (ತಕ್ಷಣ ಕೊಲ್ಲುವ ಸಿಗ್ನಲ್) ಕಳಿಸಿರಬಹುದು. ಹತ್ತಾರು ಜಿಬಿ ಮೆಮೊರಿಯ ಸರ್ವಿಸ್‌ಗಳಲ್ಲಿ ಸ್ಟಾಪ್ ಟೈಮ್‌ಔಟ್ ಮೀರಿ ಸಿಸ್ಟಮ್‌ಡಿಯೇ ಈ ಕೆಲಸ ಮಾಡುವುದುಂಟು.

ಎಗ್ಸಿಟ್ ಕೋಡ್ 139 (ಸೆಗ್ಮೆಂಟೇಶನ್ ಫಾಲ್ಟ್‌ನದ್ದು) ಅಲ್ಲದೆ 137 ಬಂದಿದ್ದರೆ ಡಂಪ್ ಹುಡುಕಬೇಡಿ. ಅದು ಸಿಗ್‌ಕಿಲ್, ಬಹುತೇಕ ಮೆಮೊರಿ ಮುಗಿದು ಕರ್ನಲ್ ಕೊಂದದ್ದು. ಅದಕ್ಕೆ ಡಂಪ್ ಬರುವುದೇ ಇಲ್ಲ, ‘dmesg’ ಕಮಾಂಡ್ ಕೊಟ್ಟು ಕರ್ನಲ್‌ನ ಸಂದೇಶಗಳನ್ನು ನೋಡಿ. ಡಾಕರ್ ಒಳಗೆ ಓಡಿಸುತ್ತಿದ್ದರೆ ಕೋರ್_ಪ್ಯಾಟರ್ನ್ ಹೋಸ್ಟ್‌ನದ್ದೇ ಆಗಿರುತ್ತದೆ, ಪೈಪ್ ಪ್ರೋಗ್ರಾಂ ಕೂಡ ಹೋಸ್ಟ್‌ನಲ್ಲೇ ಓಡುತ್ತದೆ. ಹಾಗಾಗಿ ಪೈಪ್ ಇದ್ದರೆ ಕಂಟೇನರ್ ಒಳಗೆ ಹುಡುಕಿ ಸಾಮಾನ್ಯವಾಗಿ ಫಲವಿಲ್ಲ.